ಧೂಪದ ಸಸಿಗೆ ಒಂದು ಹಿಡಿ ಬೆಟ್ಟದ ಮಣ್ಣು: ಇಲ್ಲಿಯವರೆಗಿನ ಕತೆ

ಈ ಮಳೆಗಾಲದಲ್ಲಿ ಹಾಕಿದ ಧೂಪ, ಹೊನ್ನೆ ಕಾಡುಮರಗಳ ಸಸಿಗಳು ಹೇಗಿವೆ ಅಂತ ಸುಮಾರು ಜನ ಕೇಳಿದ್ರಿ. ಅರ್ಧ ಕೊಟ್ಟೆಗಳಿಗೆ (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ) ಬರೀ ಕೆಂಪುಮಣ್ಣು, ಮರಳು, ಸಗಣಿಗೊಬ್ಬರ. ಉಳಿದರ್ಧಕ್ಕೆ ಇದರ ಜೊತೆ, ತಾಯಿಮರದ ಬುಡದಲ್ಲಿ ದರಕು (ಉದುರಿದ ಒಣ ಎಲೆ) ಸರಿಸಿ ತೆಗೆದ ಒಂದೊಂದು ಹಿಡಿ ಮಣ್ಣು. ನಮ್ಮದೇ ಬೆಟ್ಟದ್ದು.

ಧೂಪದ ಎತ್ತರ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬೀಜವೇ ಅಷ್ಟು ದಪ್ಪ, ಶುರುವಿನಲ್ಲಿ ಸಸಿಗೆ ಅದರೊಳಗಿನ ಆಹಾರವೇ ಸಾಕು. ಹಾಗಾಗಿ ಎರಡೂ ಕಡೆಯಿಂದ ಒಂದೊಂದು ಕೊಟ್ಟೆ ಹರಿದು, ಬೇರನ್ನು ಬಕೆಟ್ ನೀರಿನಲ್ಲಿ ಅಲ್ಲಾಡಿಸಿ ತೊಳೆದು ಲೆನ್ಸ್ ಹಿಡಿದೆ. ಬರೀ ಮಣ್ಣಿನದ್ದರಲ್ಲಿ ಸಣ್ಣ ಬೇರುಗಳ ತುದಿ ತೆಳ್ಳಗೆ, ಚೂಪಾಗಿದೆ. ಬೆಟ್ಟದ ಮಣ್ಣಿನದ್ದರಲ್ಲಿ ತುದಿಗಳು ಮೋಟಾಗಿ ಉಬ್ಬಿವೆ, ಕಾಲುಚೀಲ ಹಾಕಿದ ಹಾಗೆ ಮಾಸಲು ಬಿಳಿ ಹೊದಿಕೆ, ಅದರಿಂದ ಹೊರಟ ಎಳೆಗಳಿಗೆ ಮಣ್ಣಿನ ಕಣಗಳು ಅಂಟಿಕೊಂಡಿವೆ. ಇದು ಎಕ್ಟೊಮೈಕೊರೈಜಾ, ಬೇರಿನ ಜೊತೆ ಬಾಳುವ ಶಿಲೀಂಧ್ರ. ನಮ್ಮ ಕೆಂಪುಮಣ್ಣಿನಲ್ಲಿ ರಂಜಕ ಇದ್ದರೂ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಬೇರು ನುಗ್ಗಲಾಗದ ಸಂದಿಗೆ ಈ ಎಳೆಗಳು ನುಗ್ಗಿ ತರುತ್ತವೆ, ಮರ ಸಕ್ಕರೆ ಕೊಡುತ್ತದೆ.

ಈ ಶಿಲೀಂಧ್ರ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ: ಕೆರಿಬಿಯನ್ ದ್ವೀಪ ಪೋರ್ಟೊರಿಕೊದಲ್ಲಿ ವರ್ಷಗಟ್ಟಲೆ ಪೈನ್ ನೆಟ್ಟರೂ ಏಳಲೇ ಇಲ್ಲವಂತೆ. 1955ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಪೈನ್ ಕಾಡಿನ ಮಣ್ಣು ತಂದು ಹಾಕಿದ ಮೇಲೆ ಚೇತರಿಸಿಕೊಂಡವು.

ಹೊನ್ನೆಯದ್ದು ಬೇರೆ ಲೆಕ್ಕ. ಅದರ ಶಿಲೀಂಧ್ರ ಬೇರಿನ ಒಳಗೇ ಇರುವ ಜಾತಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡದೆ ಕಾಣುವುದಿಲ್ಲ. ಆದರೆ ಬೇರುಗಂಟು ಕಾಣುತ್ತದಲ್ವಾ? ಎರಡೂ ಕಡೆ ಇದ್ದವು, ಬೆಟ್ಟದ ಮಣ್ಣಿನದ್ದರಲ್ಲಿ ಜಾಸ್ತಿ. ಉಗುರಿನಲ್ಲಿ ಸೀಳಿದರೆ ಒಳಗೆ ಗುಲಾಬಿ. ಅಂದರೆ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುವ ಕೆಲಸ ಮಾಡುತ್ತಿವೆ.

ರಂಜಕದ ಗೊಬ್ಬರ ಡಿಎಪಿ ಹಾಕು ಅಂತ ಪಕ್ಕದ ಮನೆ ಭಾವ ಹೇಳುತ್ತಲೇ ಇದ್ದಾರೆ. ಹಾಕುವುದಿಲ್ಲ. ರಂಜಕ ಪುಕ್ಕಟೆ ಸಿಕ್ಕರೆ ಗಿಡ ಶಿಲೀಂಧ್ರಕ್ಕೆ ಯಾಕೆ ಸಕ್ಕರೆ ಕೊಡುತ್ತದೆ? ಅಡಿಕೆ ತೋಟದ ಮಣ್ಣೂ ಬೇಡ, ವರ್ಷಾ ವರ್ಷ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು, ಶಿಲೀಂಧ್ರಕ್ಕೆ ಆಗದ ತಾಮ್ರ ಕೂತಿರುತ್ತದೆ.

ಬರುವ ಮಳೆಗೆ ಧೂಪವನ್ನು ಎರಡು ಕಡೆ ನೆಡುತ್ತೇನೆ. ಒಂದಿಷ್ಟು ಹಳೇ ಧೂಪದ ಹತ್ತಿರ, ಒಂದಿಷ್ಟು ಅಕೇಶಿಯ ಕಡಿದ ಜಾಗದಲ್ಲಿ. ಮರದ ಹತ್ತಿರ ಬರೀ ಮಣ್ಣಿನ ಸಸಿಗೂ ಶಿಲೀಂಧ್ರ ತಾನಾಗೇ ಹತ್ತಬಹುದು. ಅಕೇಶಿಯ ಜಾಗದಲ್ಲಿ ಧೂಪಕ್ಕೆ ಒಗ್ಗುವ ಜಾತಿ ಇರುವುದು ಅನುಮಾನ, ನಿಜವಾದ ಪರೀಕ್ಷೆ ಅಲ್ಲೇ. ದರಕನ್ನು ಮಾತ್ರ ಎರಡೂ ಕಡೆ ಗುಡಿಸಲು ಬಿಡುವುದಿಲ್ಲ, ಕೊಟ್ಟಿಗೆಗೆ ಬೇರೆ ಕಡೆಯಿಂದ ತರುತ್ತೇವೆ.