ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಸೈಕಲ್: ಯಾವ ದಾರಿ ಹಿಡಿಯೋದು, ಯಾವ ಏರು ಹತ್ತೋದು

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಸೈಕಲ್ ತುಳಿಯಬೇಕು ಅಂತ ಹೊರಟಿರುವ ಬೆಂಗಳೂರಿನ ಗೆಳೆಯರು ನನ್ನನ್ನು ಮೊದಲು ಕೇಳುವುದು, ಅಲ್ಲಿನ ಬೆಟ್ಟ ಎಷ್ಟು ಎತ್ತರ ಅಂತ. ಶೆಫೀಲ್ಡ್, ಮ್ಯಾಂಚೆಸ್ಟರ್ ನಗರಗಳ ನಡುವಿನ ಬೆಟ್ಟಸೀಮೆ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಕಿಂಡರ್ ಸ್ಕೌಟ್, 636 ಮೀಟರ್. ಬೆಂಗಳೂರು ಊರೇ ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಹಾಗಾಗಿ ನಂದಿ ಬೆಟ್ಟ ಹತ್ತಿ ಅಭ್ಯಾಸ ಇರುವವರಿಗೆ ಇದು ಏನೂ ಅಲ್ಲ ಅನ್ನಿಸಿಬಿಡುತ್ತದೆ.

ಎತ್ತರ ನೋಡಿ ದಾರಿ ಆರಿಸಬೇಡಿ. ದೂರ ನೋಡಿಯೂ ಬೇಡ. ನಂದಿಯ ರಸ್ತೆ ತಿರುವು ಹಾಕಿಕೊಂಡು ಹೋಗುತ್ತದೆ, ಒಂದು ಲಯ ಸಿಕ್ಕರೆ ಮೇಲಿನವರೆಗೂ ಅದೇ ಲಯದಲ್ಲಿ ತುಳಿಯಬಹುದು. ಇಲ್ಲಿನ ಸಣ್ಣ ರಸ್ತೆಗಳು ಹಾಗಿಲ್ಲ. ಕುದುರೆ, ಗಾಡಿ ಓಡಾಡುತ್ತಿದ್ದ ಹಳೇ ದಾರಿಗಳಿಗೇ ಡಾಂಬರು ಬಿದ್ದಿದೆ. ಅವು ಬೆಟ್ಟವನ್ನು ಬಳಸುವುದಿಲ್ಲ, ನೆಟ್ಟಗೆ ಹತ್ತುತ್ತವೆ. ಒಂದೋ ಎರಡೋ ಕಿಲೋಮೀಟರ್ ಏರು ಅಷ್ಟೇ, ಆದರೆ ಅದರಲ್ಲಿ ಶೇಕಡಾ 15, 20ರ ತುಂಡುಗಳು ಇರುತ್ತವೆ, ಅಂದರೆ 100 ಮೀಟರ್ ಮುಂದೆ ಹೋದರೆ 15, 20 ಮೀಟರ್ ಮೇಲೇರುವಂಥವು. ಹತ್ತಿ, ಇಳಿದು, ಹಳ್ಳ ದಾಟಿ ಮತ್ತೆ ಹತ್ತು. ಇಡೀ ದಿನ ಇದೇ ಕಥೆ. ನಿಮ್ಮ ಯೋಜನೆ ಇದನ್ನು ಒಪ್ಪಿಕೊಂಡು ಶುರುವಾದರೆ ಪ್ರವಾಸ ತುಂಬಾ ಚೆನ್ನಾಗಿರುತ್ತದೆ.

ನನ್ನ ಸಲಹೆ, ಮೊದಲ ಸಲ ಬರುವವರು ಹೋಪ್ ವ್ಯಾಲಿಯಲ್ಲಿ ಉಳಿದುಕೊಳ್ಳಿ. ಪೀಕ್ ಡಿಸ್ಟ್ರಿಕ್ಟ್ 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಆಯಿತು. ಅದರ ಮಧ್ಯದಲ್ಲೇ ಶೆಫೀಲ್ಡ್‌ನಿಂದ ಮ್ಯಾಂಚೆಸ್ಟರ್‌ಗೆ ಹೋಗುವ ರೈಲು ಓಡುತ್ತದೆ. ಹ್ಯಾದರ್‌ಸೇಜ್, ಬ್ಯಾಮ್‌ಫರ್ಡ್, ಹೋಪ್, ಈಡೇಲ್ ಎಲ್ಲ ಆ ದಾರಿಯ ಸಣ್ಣ ಸ್ಟೇಷನ್‌ಗಳು. ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಿಂದ ಶೆಫೀಲ್ಡ್‌ಗೆ ಎರಡು ಗಂಟೆ ಚಿಲ್ಲರೆ, ಅಲ್ಲಿಂದ ಹೋಪ್‌ಗೆ ಅರ್ಧ ಗಂಟೆ. ಕಾರು ಬೇಕಾಗಿಲ್ಲ.

ಈ ಪ್ರದೇಶದಲ್ಲಿ ಎರಡು ಬಗೆಯ ನೆಲ ಇದೆ, ದಾರಿ ಆರಿಸುವಾಗ ಇದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ದಕ್ಷಿಣದ ಕಡೆ ಸುಣ್ಣಕಲ್ಲಿನ ವೈಟ್ ಪೀಕ್. ಹಸಿರು ಹೊಲ, ಗಾರೆ ಇಲ್ಲದೆ ಜೋಡಿಸಿದ ಕಲ್ಲುಗೋಡೆ, ಹೆಜ್ಜೆಗೊಂದು ಹಳ್ಳಿ, ಹಳ್ಳಿಗೊಂದು ಸಣ್ಣ ರಸ್ತೆ. ಉತ್ತರಕ್ಕೆ ಮರಳುಗಲ್ಲಿನ ಡಾರ್ಕ್ ಪೀಕ್. ಅಲ್ಲಿ ಬಟಾಬಯಲು, ಪೊದೆ, ಜೌಗು. ನೋಟ ಅದ್ಭುತ, ಆದರೆ ರಸ್ತೆಗಳು ಕಡಿಮೆ. ಇರುವ ಕೆಲವೇ ರಸ್ತೆಗಳಲ್ಲಿ, ಉದಾಹರಣೆಗೆ ಸ್ನೇಕ್ ಪಾಸ್‌ನಲ್ಲಿ, ಕಾರುಗಳು ಜೋರಾಗಿ ಓಡುತ್ತವೆ. ಸುಮ್ನೆ ಹಾಯಾಗಿ ತುಳಿಯಬೇಕು ಅನ್ನುವವರಿಗೆ ವೈಟ್ ಪೀಕ್ ವಾಸಿ. ಆಗಸ್ಟ್‌ನಲ್ಲಿ ಬಂದರೆ ಮಾತ್ರ ಡಾರ್ಕ್ ಪೀಕ್ ಕಡೆ ಒಂದು ದಿನ ಇಟ್ಟುಕೊಳ್ಳಿ. ಹೆದರ್ ಗಿಡ ಹೂ ಬಿಟ್ಟು ಬೆಟ್ಟಕ್ಕೆ ಬೆಟ್ಟವೇ ನೇರಳೆ ಆಗಿರುತ್ತದೆ.

ಕಾಗದದ ನಕ್ಷೆ ಒಂದನ್ನು ಕೊಳ್ಳಿ ಅಂತ ಒತ್ತಿ ಹೇಳುತ್ತೇನೆ. ಫೋನಿನ ಆ್ಯಪ್ ಇದ್ದರೂ ಸರಿ, ಕೊಳ್ಳಿ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯವರ ನಕ್ಷೆಯಲ್ಲಿ ರಸ್ತೆಯ ಮೇಲೆ ಸಣ್ಣ ಬಾಣದ ಗುರುತು ಹಾಕಿರುತ್ತಾರೆ. ಒಂದು ಬಾಣ ಇದ್ದರೆ ಶೇಕಡಾ 14ರಿಂದ 20ರ ಏರು. ಎರಡು ಬಾಣ ಇದ್ದರೆ 20ಕ್ಕಿಂತ ಜಾಸ್ತಿ. ಬಾಣದ ತುದಿ ಇಳಿಜಾರಿನ ಕಡೆ ತೋರಿಸುತ್ತದೆ. ಆ್ಯಪ್‌ಗಳು ಕೊಡುವ ಸರಾಸರಿ ಲೆಕ್ಕದಲ್ಲಿ ಮುಚ್ಚಿಹೋಗುವ ಕಡಿದಾದ ತುಂಡು ಇಲ್ಲಿ ಕಣ್ಣಿಗೆ ರಾಚುತ್ತದೆ. ನಾನು ದಾರಿ ಹಾಕುವಾಗ ನಕ್ಷೆಯಲ್ಲಿ ಹಳದಿ ಬಣ್ಣ ಹಾಕಿರುವ ಸಣ್ಣ ರಸ್ತೆಗಳನ್ನು ಮೊದಲು ಹುಡುಕುತ್ತೇನೆ, ಆಮೇಲೆ ಬಾಣ ಎಣಿಸುತ್ತೇನೆ, ಕೊನೆಗೆ ಒಟ್ಟು ಏರು ಎಷ್ಟು ಅಂತ ಆ್ಯಪ್‌ನಲ್ಲಿ ನೋಡುತ್ತೇನೆ. 10 ಕಿ.ಮೀ.ಗೆ 100 ಮೀಟರ್ ಏರು ಅಂದರೆ ಆರಾಮ. ಪೀಕ್ ಡಿಸ್ಟ್ರಿಕ್ಟ್‌ನ ಹಳ್ಳಿ ರಸ್ತೆಗಳಲ್ಲಿ ಅದು 200 ಆಗುವುದು ಮಾಮೂಲು. ಅಂದರೆ 50 ಕಿ.ಮೀ.ಗೆ 1000 ಮೀಟರ್. ಊರಲ್ಲಿ ದಿನಕ್ಕೆ 100 ಕಿ.ಮೀ. ಹೋಗುವವರು ಇಲ್ಲಿ 50 ಹಾಕಿಕೊಳ್ಳಿ. ನಿಂತು ನೋಡಲಿಕ್ಕೂ ಸಮಯ ಬೇಕಲ್ವಾ?

ಆ್ಯಪ್ ತೋರಿಸುವ ಅಡ್ಡದಾರಿಗಳ ಬಗ್ಗೆ ಒಂದು ಮಾತು. ಪಬ್ಲಿಕ್ ಫುಟ್‌ಪಾತ್ ಅಂತ ಬೋರ್ಡ್ ಇದ್ದರೆ ಅದು ನಡೆಯುವವರಿಗೆ ಮಾತ್ರ. ಬ್ರೈಡಲ್‌ವೇ, ಅಂದರೆ ಕುದುರೆ ಸವಾರರ ದಾರಿ, ಅಂತ ಇದ್ದರೆ ಸೈಕಲ್ ಹೋಗಬಹುದು. 1968ರ ಕಾಯ್ದೆಯಿಂದ ಆ ಹಕ್ಕು ಇದೆ, ಆದರೆ ನಡೆಯುವವರಿಗೂ ಕುದುರೆಗಳಿಗೂ ದಾರಿ ಬಿಡಬೇಕು. ತೆಳು ಟೈರಿನ ರೋಡ್ ಸೈಕಲ್‌ಗೆ ಬಹುಪಾಲು ಬ್ರೈಡಲ್‌ವೇಗಳು ಆಗಿಬರುವುದಿಲ್ಲ, ಕಲ್ಲು ಜಾಸ್ತಿ.

ಈಗ ಏರಿನ ಮಾತು. ಹೋಪ್‌ನಿಂದ ಎರಡು ಮೂರು ಕಿಲೋಮೀಟರ್ ಹೋದರೆ ಕ್ಯಾಸಲ್‌ಟನ್. ಅದರಾಚೆ ವಿನ್ನಾಟ್ಸ್ ಪಾಸ್. ಸುಣ್ಣಕಲ್ಲಿನ ಕಣಿವೆಯೊಂದರ ತಳದಲ್ಲಿ ರಸ್ತೆ ಮೇಲಕ್ಕೆ ಹೋಗುತ್ತದೆ. ಎರಡೂ ಕಡೆ ಹುಲ್ಲಿನ ಇಳಿಜಾರು, ಮೇಲೆ ಬಂಡೆ ಚಾಚಿಕೊಂಡಿದೆ. ಸ್ಪೀಡ್‌ವೆಲ್ ಗುಹೆ ದಾಟಿದ ಮೇಲೆ ಏರು ಪೂರ್ತಿ ಕಣ್ಣೆದುರು ನಿಲ್ಲುತ್ತದೆ. ಮರೆಮಾಡಲು ತಿರುವುಗಳೇ ಇಲ್ಲ. ಶೇಕಡಾ 20 ಮುಟ್ಟುತ್ತದೆ. ಕಣಿವೆ ಗಾಳಿಯನ್ನು ಹಿಡಿದು ತಂದು ಎದೆಗೆ ನೂಕುತ್ತದೆ. ನಾನು ಅತಿ ಸಣ್ಣ ಗೇರಿಗೆ ಹಾಕಿ, ಸೀಟಿನ ಮುಂತುದಿಗೆ ಸರಿದು, ಮೊಣಕೈ ಬಗ್ಗಿಸಿ ಹತ್ತಿದೆ. ಹಾಗೆ ಕೂತರೆ ಮುಂದಿನ ಚಕ್ರ ಮೇಲೇಳುವುದಿಲ್ಲ. ರಸ್ತೆ ಒದ್ದೆ ಇದ್ದಾಗ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಅಲ್ಲೇ ಜಾರಿ ಸುತ್ತುತ್ತದೆ, ಕೂತೇ ತುಳಿಯಿರಿ. ಪಕ್ಕದಲ್ಲೇ ಕುರಿಗಳು ಹುಲ್ಲು ಮೇಯುತ್ತಾ ನಿಂತಿದ್ದವು. ನನ್ನ ಏದುಸಿರಿಗೆ ಒಂದೂ ಬೆದರಲಿಲ್ಲ, ಅಷ್ಟೊಂದು ಜನರನ್ನು ಅವು ನೋಡಿವೆ. 2021ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಹಿಲ್ ಕ್ಲೈಂಬ್ ಸ್ಪರ್ಧೆ ಇದೇ ರಸ್ತೆಯಲ್ಲಿ ನಡೆಯಿತು. ಮೇಲೆ ನಿಂತು ಹಿಂದೆ ತಿರುಗಿದರೆ ಹೋಪ್ ಕಣಿವೆ ಪೂರ್ತಿ ಕಾಣುತ್ತದೆ. ಆ ಖುಷಿಗೆ ನಾನು ಇನ್ನೂ ಎಷ್ಟು ಸಲ ಬೇಕಾದರೂ ಹತ್ತುತ್ತೇನೆ.

ಇಷ್ಟು ಕಿರಿದಾದ ರಸ್ತೆಯಲ್ಲಿ ಇಷ್ಟೊಂದು ಕಾರು ಯಾಕೆ ಅಂತ ಅನ್ನಿಸಬಹುದು. ಕಾರಣ ಪಕ್ಕದಲ್ಲೇ ಇದೆ. ವಿನ್ನಾಟ್ಸ್‌ನ ಕಡಿದಾದ ಏರು ತಪ್ಪಿಸಲೆಂದೇ 19ನೇ ಶತಮಾನದ ಆರಂಭದಲ್ಲಿ ಮ್ಯಾಮ್ ಟಾರ್ ಬೆಟ್ಟದ ಬುಡದಲ್ಲಿ ಬೇರೆ ರಸ್ತೆ ಮಾಡಿದ್ದರು. ಆ ಬೆಟ್ಟದ ಮಗ್ಗುಲು ನಿಂತಲ್ಲಿ ನಿಲ್ಲುವುದಿಲ್ಲ, ಜರಿಯುತ್ತಲೇ ಇರುತ್ತದೆ. ಎಷ್ಟು ಸಲ ರಿಪೇರಿ ಮಾಡಿದರೂ ಕುಸಿದು, ಕೊನೆಗೆ 1979ರಲ್ಲಿ ಆ ರಸ್ತೆಯನ್ನು ವಾಹನಗಳಿಗೆ ಮುಚ್ಚಿಬಿಟ್ಟರು. ಅಂದಿನಿಂದ ಕಾರುಗಳಿಗೆ ವಿನ್ನಾಟ್ಸೇ ಗತಿ. ಹಾಗಾಗಿ ವಾರದ ದಿನ ಬೆಳಿಗ್ಗೆ ಎಂಟರೊಳಗೆ ಹತ್ತಿ. ಬ್ಯಾಂಕ್ ಹಾಲಿಡೇ (ಅಲ್ಲಿನ ಸಾರ್ವಜನಿಕ ರಜೆ) ದಿನ ಆ ಕಡೆ ಹೋಗಲೇಬೇಡಿ. ಮುರಿದ ಹಳೇ ರಸ್ತೆಯನ್ನೂ ಒಮ್ಮೆ ನೋಡಿ. ಡಾಂಬರು ಪದರ ಪದರವಾಗಿ ಒಡೆದು, ಒಂದೊಂದು ತುಂಡು ಆಳೆತ್ತರ ಕುಸಿದಿದೆ. ನಡುವಿನ ಬಿಳಿ ಗೆರೆ ಇನ್ನೂ ಅಲ್ಲಲ್ಲಿ ಕಾಣುತ್ತದೆ.

ಒಂದು ಸುತ್ತು ಹೀಗೆ ಹಾಕಬಹುದು: ಹೋಪ್, ಕ್ಯಾಸಲ್‌ಟನ್, ವಿನ್ನಾಟ್ಸ್ ಹತ್ತಿ, ಮ್ಯಾಮ್ ನಿಕ್ ಸಂದಿನಲ್ಲಿ ದಾಟಿ ಈಡೇಲ್‌ಗೆ ಇಳಿದು, ನೋ ನದಿಯ ಜೊತೆ ವಾಪಸ್ ಹೋಪ್. ಸುಮಾರು 20 ಕಿ.ಮೀ. ಅಷ್ಟೇ, ಅರ್ಧ ದಿನಕ್ಕೆ ಸಾಕು. ಶೇಕಡಾ 20 ನಿಮಗೆ ಕಷ್ಟ ಅನ್ನಿಸಿದರೆ ಇದನ್ನೇ ತಿರುಗಿಸಿ, ಈಡೇಲ್ ಕಡೆಯಿಂದ ಮ್ಯಾಮ್ ನಿಕ್ ಹತ್ತಿ. ಅದೂ ಏದುಸಿರು ತರಿಸುತ್ತದೆ, ಆದರೆ ನಡುವೆ ಉಸಿರಾಡಲು ಬಿಡುತ್ತದೆ. ಆ ನೋಟವಂತೂ ವಿನ್ನಾಟ್ಸ್‌ಗಿಂತ ಚೆನ್ನ ಅನ್ನುವುದು ನನ್ನ ಅಭಿಪ್ರಾಯ. ಆಗ ಇಳಿಯಲು ಮಾತ್ರ ವಿನ್ನಾಟ್ಸ್ ಬೇಡ. ಎದುರಿಗೆ ಕಾರು, ನಡುವೆ ಕುರಿ, ಕೈಯಲ್ಲಿ ಬಿಸಿಯಾದ ಬ್ರೇಕು. ಸೈಕಲ್ ತಳ್ಳಿಕೊಂಡು ಮ್ಯಾಮ್ ಟಾರ್‌ನ ಮುರಿದ ರಸ್ತೆಯಲ್ಲೇ ಕೆಳಗೆ ನಡೆದು ಬನ್ನಿ.

ಏರುಗಳೇ ಬೇಕು ಅನ್ನುವವರಿಗೆ ಇನ್ನೆರಡು. ಮ್ಯಾಕಲ್ಸ್‌ಫೀಲ್ಡ್‌ನಿಂದ ಹೊರಡುವ ಕ್ಯಾಟ್ ಅಂಡ್ ಫಿಡಲ್ ಅನ್ನುವ ಏರು ಸುಮಾರು 11 ಕಿ.ಮೀ. ಉದ್ದ, 515 ಮೀಟರ್‌ವರೆಗೆ ಹೋಗುತ್ತದೆ. ಏರು ಹಗುರ, ನಂದಿಯವರಿಗೆ ಇದೇ ಪರಿಚಿತ ಅನ್ನಿಸುವುದು. ಮೋಟಾರ್‌ಬೈಕ್‌ಗಳ ಹಾವಳಿ ಇದೆ, ಬೆಳಿಗ್ಗೆ ಬೇಗ ಹೋಗಿ. ಉತ್ತರ ತುದಿಯ ಹೋಮ್ ಮಾಸ್ 2014ರ ಟೂರ್ ಡಿ ಫ್ರಾನ್ಸ್ ಹಾದುಹೋದ ಏರು. ಲೇಕ್ ಡಿಸ್ಟ್ರಿಕ್ಟ್‌ನ ಹಾರ್ಡ್‌ನಾಟ್ ಪಾಸ್ ಶೇಕಡಾ 30 ಇದೆ, ಅದನ್ನು ಮುಂದಿನ ಪ್ರವಾಸಕ್ಕೆ ಇಟ್ಟುಕೊಳ್ಳಿ.

ಮನೆಮಂದಿ ಜೊತೆಗಿದ್ದರೆ ಮಾನ್ಸಲ್ ಟ್ರೇಲ್ ಬಿಟ್ಟು ಬೇರೆ ಯೋಚನೆ ಬೇಡ. 1968ರಲ್ಲಿ ಮುಚ್ಚಿದ ರೈಲು ದಾರಿ ಇದು. ಹಳಿ ಕಿತ್ತು ಸೈಕಲ್ಲಿಗೆ, ನಡಿಗೆಗೆ ಬಿಟ್ಟಿದ್ದಾರೆ. ಬ್ಲ್ಯಾಕ್‌ವೆಲ್ ಮಿಲ್‌ನಿಂದ ಬೇಕ್‌ವೆಲ್‌ವರೆಗೆ 13.7 ಕಿ.ಮೀ. ರೈಲು ಓಡುತ್ತಿದ್ದ ದಾರಿಯಾದ್ದರಿಂದ ಕಡಿದಾದ ಏರು ಎಲ್ಲೂ ಇಲ್ಲ. 2011ರಲ್ಲಿ ಸುರಂಗಗಳನ್ನು ತೆರೆದ ಮೇಲೆ ಪೂರ್ತಿ ದಾರಿ ಒಂದೇ ಓಟದಲ್ಲಿ ಸಿಗುತ್ತದೆ. ನಮ್ಮ ಜೊತೆ ಬಂದಿದ್ದ ಭಾವ ಸೈಕಲ್ ಮುಟ್ಟಿ ಎಷ್ಟೋ ವರ್ಷ ಆಗಿತ್ತು. ಹೆಡ್‌ಸ್ಟೋನ್ ಸುರಂಗದೊಳಗೆ ಹೋದಾಗ ಹೊರಗಿನ ಬಿಸಿಲು ಒಮ್ಮೆಲೇ ಮಾಯವಾಗಿ ಥಂಡಿ ಹಿಡಿಯಿತು, ಮೇಲಿಂದ ನೀರು ತೊಟ್ಟಿಕ್ಕುತ್ತಿತ್ತು. "ಜಾಕೆಟ್ ತರಬೇಕಿತ್ತು ಕಣಯ್ಯಾ" ಅನ್ನುವಷ್ಟರಲ್ಲಿ ಸುರಂಗ ಮುಗಿದು ಸೀದಾ ಸೇತುವೆಯ ಮೇಲೆ ಬಂದಿದ್ದೆವು. ಕೆಳಗೆ ಆಳದಲ್ಲಿ ವೈ ನದಿ ಬಳುಕಿಕೊಂಡು ಹರಿಯುತ್ತದೆ. ಭಾವ ಅಲ್ಲಿಂದ ಅರ್ಧ ಗಂಟೆ ಕದಲಲಿಲ್ಲ. ಸುರಂಗದಲ್ಲಿ ಹಗಲು ಹೊತ್ತು ದೀಪ ಇರುತ್ತದೆ, ಕತ್ತಲಾದ ಮೇಲೆ ಇರುವುದಿಲ್ಲ. ನಿಮ್ಮ ದೀಪ ಜೊತೆಗಿರಲಿ. ಸೈಕಲ್ ಬಾಡಿಗೆಗೂ ಸಿಗುತ್ತದೆ. ಮಂಡಿ ನೋವಿನವರಿಗೆ ಬ್ಯಾಟರಿ ಸೈಕಲ್ ಕೇಳಿ. ಗಂಟೆಗೆ 25 ಕಿ.ಮೀ.ವರೆಗೆ ಮೋಟಾರ್ ಕೈಹಿಡಿಯುತ್ತದೆ, ಲೈಸೆನ್ಸ್ ಬೇಕಿಲ್ಲ.

ಹೋಪ್‌ನಿಂದ ಇಲ್ಲಿಗೆ ಸೈಕಲ್ಲಿನಲ್ಲೇ ಬರುವವರು ಬ್ರಾಡ್‌ವೆಲ್, ಟೈಡ್ಸ್‌ವೆಲ್ ಮೇಲೆ ಮಿಲ್ಲರ್ಸ್ ಡೇಲ್‌ಗೆ ಇಳಿದರೆ ಹಳೇ ಸ್ಟೇಷನ್ನಿನಲ್ಲಿ ಟ್ರೇಲ್ ಸೇರಬಹುದು. ಇನ್ನೊಂದು ಹಾಯಾದ ದಾರಿ ಬ್ಯಾಮ್‌ಫರ್ಡ್ ಮೇಲಿನ ಡರ್ವೆಂಟ್ ಜಲಾಶಯಗಳ ದಡ. ಅಲ್ಲಿನ ಫೇರ್‌ಹೋಮ್ಸ್ ಪ್ರವಾಸಿ ಕೇಂದ್ರದ ಆಚೆಯ ರಸ್ತೆಯನ್ನು ಶನಿವಾರ, ಭಾನುವಾರ ಕಾರುಗಳಿಗೆ ಮುಚ್ಚುತ್ತಾರೆ. ಬೇರೆಲ್ಲ ಕಡೆ ಜನಜಾತ್ರೆ ಇರುವ ದಿನವೇ ಇಲ್ಲಿ ಸೈಕಲ್ಲಿಗೆ ನೆಮ್ಮದಿ.

ಸೈಕಲ್ ನಿಮ್ಮದೇ ತರುವುದಾದರೆ ಗೇರ್ ನೋಡಿಕೊಳ್ಳಿ. ಮುಂದಿನ ಚಿಕ್ಕ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನ ದೊಡ್ಡ ಹಲ್ಲುಚಕ್ರದಲ್ಲೂ 34 ಹಲ್ಲು ಇದ್ದರೆ ನೆಮ್ಮದಿ. ಆ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ 7.5 ಕಿ.ಮೀ. ವೇಗ ಸಿಗುತ್ತದೆ, ಬೀಳದೆ ಹತ್ತಬಹುದು. ಹಿಂದೆ 28 ಮಾತ್ರ ಇರುವ ಸೈಕಲ್ ಬೆಂಗಳೂರಿಗೆ ಸಾಕು, ಇಲ್ಲಿಗೆ ಸಾಲದು. ಟೈರು 28 ಮಿ.ಮೀ. ಅಥವಾ ದಪ್ಪ. ರಸ್ತೆಗೆ ಅಡ್ಡವಾಗಿ ಕಬ್ಬಿಣದ ಸರಳು ಹಾಸಿದ ಜಾಗ ಬರುತ್ತದೆ, ಕುರಿ ದನ ದಾಟದಿರಲಿ ಅಂತ. ಅದರ ಮೇಲೆ ಹ್ಯಾಂಡಲ್ ತಿರುಗಿಸದೆ, ಬ್ರೇಕ್ ಹಿಡಿಯದೆ ನೇರ ದಾಟಿ. ಮಳೆ ಬಂದಾಗ ಸರಳು ಸೋಪು ಸವರಿದಂತೆ ಜಾರುತ್ತದೆ.

ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ. ಬೆಳಿಗ್ಗೆ ಮೈಯಲ್ಲಿ ಕಸುವಿರುವಾಗ ಪಶ್ಚಿಮಕ್ಕೆ ಹೋಗಿ, ಸಂಜೆ ಗಾಳಿ ಬೆನ್ನಿಗೆ ಬರುವಂತೆ ವಾಪಸಾಗಿ. ಮೇ, ಜೂನ್ ಒಳ್ಳೆಯ ತಿಂಗಳು. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಬೇಸಿಗೆಯಲ್ಲೂ ತೆಳು ಮಳೆಕೋಟು ಜೇಬಿನಲ್ಲಿ ಇರಲೇಬೇಕು. ಹತ್ತುವಾಗ ಬೆವರುತ್ತದೆ, ಇಳಿಯುವಾಗ ಅದೇ ಬೆವರು ನಡುಕ ತರುತ್ತದೆ.

ಊಟದ ವಿಷಯ. ಹಳ್ಳಿಯ ಪಬ್‌ಗಳಲ್ಲಿ ಅಡುಗೆಮನೆ ಮಧ್ಯಾಹ್ನ ಎರಡು, ಎರಡೂವರೆಗೆ ಮುಚ್ಚುವುದುಂಟು. ಅದಕ್ಕೂ ಮೊದಲೇ ಊರು ಸೇರುವಂತೆ ದಾರಿ ಹಾಕಿ. ಸಸ್ಯಾಹಾರಿಗಳಿಗೆ ಬೇಯಿಸಿದ ಇಡೀ ಆಲೂಗಡ್ಡೆ ಮೇಲೆ ಬೀನ್ಸ್, ಚೀಸ್ ಎಲ್ಲ ಕಡೆ ಸಿಗುತ್ತದೆ. ಜೇಬಿಗೆ ಹಾಕಿಕೊಳ್ಳುವ ಜೆಲ್ಲಿ ಮಿಠಾಯಿಗಳಲ್ಲಿ ಜೆಲಟಿನ್ ಇರುವುದು ಜಾಸ್ತಿ, ಪ್ಯಾಕೆಟ್ ಓದಿ ತಗೊಳ್ಳಿ. ನಾವು ಚಪಾತಿಗೆ ತುಪ್ಪ, ಚಟ್ನಿಪುಡಿ ಸವರಿ ಸುತ್ತಿಕೊಂಡು ಹೋಗಿದ್ದೆವು. ಮ್ಯಾಮ್ ನಿಕ್ ಮೇಲೆ ಅದಕ್ಕಿಂತ ರುಚಿಯಾದದ್ದು ಬೇರೆ ಇರಲಿಲ್ಲ.

ಕೊನೆಗೆ ರೈಲು. ದೂರದ ರೈಲುಗಳಲ್ಲಿ ಸೈಕಲ್ಲಿಗೆ ಮೊದಲೇ ಜಾಗ ಕಾಯ್ದಿರಿಸಬೇಕಾಗುತ್ತದೆ, ಟಿಕೆಟ್ ಜೊತೆಗೇ ಮಾಡಿಸಿ. ಹೋಪ್ ವ್ಯಾಲಿಯ ಲೋಕಲ್ ರೈಲಿನಲ್ಲಿ ಹಾಗಿಲ್ಲ, ಮೊದಲು ಬಂದವರಿಗೆ ಜಾಗ, ಅದೂ ಒಂದೆರಡು ಸೈಕಲ್ಲಿಗೆ. ನಾಲ್ಕು ಜನ ಒಟ್ಟಿಗೆ ಹೊರಟರೆ ಎರಡು ರೈಲಿಗೆ ಹಂಚಿಕೊಳ್ಳಿ. ಬಿಸಿಲಿದ್ದ ಭಾನುವಾರದ ಸಂಜೆ ಈಡೇಲ್‌ನಲ್ಲಿ ನಡಿಗೆಯವರೇ ಪ್ಲಾಟ್‌ಫಾರಂ ತುಂಬ ನಿಂತಿರುತ್ತಾರೆ. ಆವತ್ತು ಶೆಫೀಲ್ಡ್‌ನಿಂದ ಮುಂದಿನ ರೈಲು ಹಿಡಿಯಬೇಕಿದ್ದರೆ ಮಧ್ಯಾಹ್ನದ ರೈಲಿಗೇ ಹೊರಟುಬಿಡಿ.