ಹೆಬ್ಬೆರಳ ಬುಡದ ಗಂಟು

ಬನಿಯನ್ (bunion), ಅಂದರೆ ಕಾಲಿನ ಹೆಬ್ಬೆರಳ ಬುಡದಲ್ಲಿ ಏಳುವ ಗಂಟು, ಹೊಸದಾಗಿ ಬೆಳೆದ ಎಲುಬಲ್ಲ. ಹೆಬ್ಬೆರಳ ಹಿಂದಿನ ಉದ್ದ ಮೂಳೆ ಪಾದದ ಒಳಅಂಚಿಗೆ ಸರಿದು, ಬೆರಳು ಪಕ್ಕದ ಬೆರಳಿನತ್ತ ವಾಲಿದಾಗ ನಡುವಿನ ಕೀಲು ಉಬ್ಬಿ ನಿಲ್ಲುತ್ತದೆ. ಎಕ್ಸ್‌ರೇ ನಿಂತೇ ತೆಗೆಸಬೇಕು. ಭಾರ ಬೀಳದಿದ್ದರೆ ವಾಲು ಕಡಿಮೆ ಕಾಣುತ್ತದೆ. ಬೆರಳಿನ ಈ ವಾಲು 15 ಡಿಗ್ರಿ ದಾಟಿದರೆ ಬನಿಯನ್.

ಮೊದಲ ಮದ್ದು ಪಾದರಕ್ಷೆಯೇ. ಸಂಜೆ, ಪಾದ ತುಸು ಊದಿರುವಾಗ, ಕಾಗದದ ಮೇಲೆ ನಿಂತು ಸುತ್ತ ಗೆರೆ ಎಳೆಯಿರಿ. ಮೇಲಿಟ್ಟ ಶೂವಿನ ಆಚೆ ಗೆರೆ ಇಣುಕಿದರೆ ಅದು ಬೇಡ. ಉದ್ದ ಬೆರಳಿನ ಮುಂದೆ 1 ಸೆಂ.ಮೀ. ಜಾಗವಿರಲಿ, ಉಬ್ಬಿನ ಮೇಲೆ ಹೊಲಿಗೆ ಬಾರದಿರಲಿ.

ಬೆರಳುಗಳ ನಡುವೆ ಇಡುವ ಸಿಲಿಕೋನ್ ತುಂಡು, ರಾತ್ರಿ ಕಟ್ಟಿಕೊಳ್ಳುವ ಪಟ್ಟಿ ನೋವು ತಗ್ಗಿಸಬಹುದು, ಮೂಳೆಯನ್ನು ನೆಟ್ಟಗಾಗಿಸವು. ಜಾಹೀರಾತು ನಂಬಿ ದುಡ್ಡು ಕಳೆಯಬೇಡಿ. ಶಸ್ತ್ರಚಿಕಿತ್ಸೆ ತಗ್ಗದ ನೋವಿಗೆ ಮಾತ್ರ, ಅಂದಕ್ಕಲ್ಲ. ಊತ ಇಳಿಯಲು ತಿಂಗಳುಗಳೇ ಬೇಕು.

ರಾತ್ರೋರಾತ್ರಿ ಗಂಟು ಕೆಂಪಾಗಿ ಸುಟ್ಟಂತೆ ನೋಯತೊಡಗಿದರೆ ಅದು ಗೌಟ್ (ಯೂರಿಕ್ ಆಮ್ಲದ ಹರಳುಗಳಿಂದ ಬರುವ ಕೀಲೂತ) ಇರಬಹುದು, ತಡಮಾಡದೆ ತೋರಿಸಿ.