ಸೈನ್ಯದಲ್ಲಿರುವವರು ಸೈಬರ್ ಸರ್ಟಿಫಿಕೇಟ್ ಮಾಡ್ಬೇಕಾ?

ನಾನು ಸೈನ್ಯದ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿ 17 ವರ್ಷ ಇದ್ದು ಹವಾಲ್ದಾರ್ ಆಗಿ ಬಂದವನು. ಈಗ ಮೈಸೂರಿನ ಒಂದು ಕಂಪನಿಯಲ್ಲಿ ಸೈಬರ್ ಸೆಕ್ಯುರಿಟಿ ಕೆಲಸ. ಮದ್ದೂರಿನ ಹತ್ತಿರ ಇರುವ ನಮ್ಮೂರಿಗೆ ಹೋದಾಗಲೆಲ್ಲ, ರಜೆಗೆ ಬಂದ ಹುಡುಗರು ಕೇಳುವುದು ಒಂದೇ. "ಅಣ್ಣಾ, ಈ ಸರ್ಟಿಫಿಕೇಟ್‌ಗಳಿಗೆ ಬೆಲೆ ಇದ್ಯಾ, ಸುಮ್ನೆ ದುಡ್ಡು ದಂಡಾನಾ?"

ಸೇವೆಯಲ್ಲಿರುವಷ್ಟು ದಿನ ಬೆಲೆ ಕಮ್ಮಿ. ಹೊರಗೆ ಬರುವ ದಿನ ತುಂಬಾ ಜಾಸ್ತಿ.

ನಮ್ಮ ಸೈನ್ಯದಲ್ಲಿ ನೋಡುವುದು ಟ್ರೇಡ್, ರ‍್ಯಾಂಕ್, ಮಾಡಿದ ಕೋರ್ಸ್. ಸಿಗ್ನಲ್ಸ್ ತರಬೇತಿ ಕಾಲೇಜಿರುವ ಮಹೂನಲ್ಲಿ ಮಾಡಿದ ಕೋರ್ಸ್‌ಗೆ ಇರುವ ತೂಕ, ನೀವೇ ದುಡ್ಡು ಕಟ್ಟಿ ಬರೆದ ಪರೀಕ್ಷೆಗೆ ಇರುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ರಕ್ಷಣಾ ಇಲಾಖೆ 2005ರಲ್ಲಿ 8570 ಅನ್ನುವ ಕೈಪಿಡಿ ತಂದು, ಯಾವ ಕೆಲಸಕ್ಕೆ ಯಾವ ಸರ್ಟಿಫಿಕೇಟ್ ಇರಬೇಕು ಅಂತ ಪಟ್ಟಿಯನ್ನೇ ಮಾಡಿತು. 2023ರಲ್ಲಿ ಅದರ ಜಾಗಕ್ಕೆ 8140 ಬಂತು. ಸೆಕ್ಯುರಿಟಿ ಪ್ಲಸ್ (ಸೈಬರ್ ಸೆಕ್ಯುರಿಟಿಯ ಮೊದಲ ಹಂತದ ಸರ್ಟಿಫಿಕೇಟ್) ಇಲ್ಲದೆ ಸೈನ್ಯದಲ್ಲಿ ಏನೂ ಆಗಲ್ಲ ಅಂತ ಯೂಟ್ಯೂಬ್‌ನಲ್ಲಿ ಕೇಳಿದ್ದೀರಲ್ಲ, ಅದು ಅಲ್ಲಿಯ ಮಾತು.

ಹೊರಗೆ ಬಂದಾಗ ಯಾಕೆ ಬೇಕು ಅಂತ ನನಗೆ ಗೊತ್ತಾಗಿದ್ದು ಮೊದಲ ಇಂಟರ್‌ವ್ಯೂನಲ್ಲಿ. ಕಾಲೇಜು ಮುಗಿಸಿದ ಹುಡುಗ ತನ್ನ ಪ್ರಾಜೆಕ್ಟ್ ತೋರಿಸಬಹುದು, ಬರೆದ ಕೋಡ್ ತೋರಿಸಬಹುದು, ಯಾವ ವೆಬ್‌ಸೈಟಿನ ದೋಷ ಹಿಡಿದು ಹೇಳಿದೆ ಅಂತ ಹೇಳಬಹುದು, ಆದರೆ ನಾವು ಯಾವ ನೆಟ್‌ವರ್ಕ್ ಕಾಯ್ದೆವು, ಅಲ್ಲಿ ಏನಾಯಿತು ಅನ್ನೋದನ್ನು ಬಾಯಿ ಬಿಡುವ ಹಾಗಿಲ್ಲ. "ದೊಡ್ಡ ಘಟನೆ ಒಂದನ್ನು ವಿವರಿಸಿ" ಅಂದರು. ಹೇಳೋಕಾಗಲ್ಲ ಸಾರ್ ಅಂದೆ. ಅವರು ಪೆನ್ನು ಕೆಳಗಿಟ್ಟರು.

ಸೆಕ್ಯುರಿಟಿ ಪ್ಲಸ್ ಪಾಸಾದ ಮೇಲೆ ಕೂತ ಇಂಟರ್‌ವ್ಯೂನಲ್ಲಿ ಪ್ರಶ್ನೆ ಬಂದಿದ್ದು ಅದರ ಸಿಲಬಸ್‌ನಿಂದ. ಲಾಗ್ (ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆ) ನೋಡುವುದು ಹೇಗೆ, ಹ್ಯಾಕ್ ಆದ ಮೆಷಿನ್ನನ್ನು ನೆಟ್‌ವರ್ಕಿನಿಂದ ಬೇರೆ ಮಾಡುವುದು ಯಾವಾಗ, ಇಂಥವು. ಯಾವ ಗುಟ್ಟೂ ಬಿಡದೆ, 17 ವರ್ಷ ಕಲಿತಿದ್ದನ್ನೆಲ್ಲ ಹೇಳಿದೆ. ಕೆಲಸ ಗೊತ್ತಿಲ್ಲದವನಿಗೆ ಆ ಕಾಗದ ಬಾಗಿಲ ತನಕ ಮಾತ್ರ, ಅಷ್ಟೇ.

ಅಗ್ನಿವೀರರಿಗೆ ಒಂದು ಮಾತು. ನಾಲ್ಕು ವರ್ಷದ ನಂತರ ಉಳಿಸಿಕೊಳ್ಳುವುದು ಹೆಚ್ಚೆಂದರೆ ಶೇ. 25 ಜನರನ್ನು. ಹಾಗಾಗಿ ಕೊನೆಯ ವರ್ಷದಲ್ಲಿ ಪರೀಕ್ಷೆ ಬರೆಯಿರಿ. ಸೆಕ್ಯುರಿಟಿ ಪ್ಲಸ್ ಮೂರು ವರ್ಷ ಮಾತ್ರ ನಡೆಯುತ್ತದೆ, ಸೇರಿದ ಹೊಸತರಲ್ಲೇ ಬರೆದರೆ ಬೇಕಾದ ಹೊತ್ತಿಗೆ ಅವಧಿ ಮುಗಿದೇ ಹೋಗಿರುತ್ತದೆ, ಅಲ್ವಾ?

ಜಾಸ್ತಿ ಸೇವೆ ಆದವರು ಅನುಭವಿಗಳಿಗೆಂದೇ ಇರುವ ಮೇಲಿನ ಹಂತದ ಸರ್ಟಿಫಿಕೇಟ್ ಸಿಐಎಸ್‌ಎಸ್‌ಪಿ ನೋಡಿ. ಅದಕ್ಕೆ ಐದು ವರ್ಷದ ಅನುಭವ ಬೇಕು, ಅದನ್ನು ಕೊಡುವ ಸಂಸ್ಥೆ ಹೇಳುವ ಎಂಟು ವಿಷಯಗಳಲ್ಲಿ ಕನಿಷ್ಠ ಎರಡರಲ್ಲಿ. ಸೈನ್ಯದಲ್ಲಿ ನೀವು ಮಾಡಿದ ಸೆಕ್ಯುರಿಟಿ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಕಮ್ಮಿ ಇದ್ದರೂ ಪರೀಕ್ಷೆ ಬರೆದು ಅಸೋಸಿಯೇಟ್ ಆಗಬಹುದು, ಅನುಭವ ತುಂಬಿಸಲು ಆರು ವರ್ಷ ಕೊಡುತ್ತಾರೆ.

ಕೋಚಿಂಗ್‌ಗೆ ಸಾಲ ಮಾತ್ರ ಮಾಡಬೇಡಿ. ನಿವೃತ್ತಿ ಹತ್ತಿರ ಇದ್ದರೆ ಮೊದಲು ಡಿಜಿಆರ್ (ನಿವೃತ್ತರಾಗುವ ಸೈನಿಕರನ್ನು ಹೊರಗಿನ ಕೆಲಸಕ್ಕೆ ತಯಾರು ಮಾಡುವ ಸರ್ಕಾರಿ ಕಚೇರಿ) ಕೋರ್ಸ್‌ಗಳ ಪಟ್ಟಿಯನ್ನು ಯೂನಿಟ್‌ನಲ್ಲೇ ಕೇಳಿ.